ಮೀನಿನ ತಕ್ಕಡಿಯಲ್ಲಿ ವಿಮಾನ

ಅಂಗಡಿಯ ಸಾಲಿನಲ್ಲಿ ನಿಮ್ಮ ಮುಂದೆ ನಿಂತ ಸಜ್ಜನನೊಬ್ಬ ತನಗೆ ಬೇಕಾದುದನ್ನು ತನಗೆ ಬೇಕಾದ ಹಾಗೆ ಕೊಳ್ಳುತ್ತಿರುವಾಗ, ನಡುವೆ ಬಾಯಿ ಹಾಕದೆ ಸುಮ್ಮನೆ ನಿಂತ ನಿದರ್ಶನ ನಿಮ್ಮ ಬಾಳಿನಲ್ಲಿ ಒಂದಾದರೂ ಇದೆಯೆ, ಓದುಗರೇ? ಇರಲಾರದು. ಇದ್ದಿದ್ದರೆ ಇಲೋಯ್ಲೋ ಪಟ್ಟಣದ ತಿಯೊದುಲ್ಫೋ ಮಗ್ಬನುವಾ ಎಂಬ ಸಾಧುವಿಗೆ ಆ ಶನಿವಾರ ಒದಗಿದ ಗತಿ ಒದಗುತ್ತಿರಲಿಲ್ಲ.

ಎಲ್ಲರ ಬಾಯಲ್ಲಿ ದೊಲ್ಫೋ ಆಗಿದ್ದ ಅವನು ನೀರು ಸರಬರಾಜು ಕಚೇರಿಯ ಗುಮಾಸ್ತ. ಕುಡಿತವಿಲ್ಲ, ಕೋಳಿ ಅಂಕದ ಹುಚ್ಚಿಲ್ಲ. ಇದ್ದ ಒಂದೇ ಚಟವೆಂದರೆ ಅಂಗೈಯಗಲದ ಲೋಹದ ವಿಮಾನಗಳನ್ನು ಕೂಡಿಡುವುದು. ಅವುಗಳ ಪೆಟ್ಟಿಗೆಯನ್ನು ಅವನು ಎಂದೂ ತೆರೆದವನಲ್ಲ. ಇಗರ್ಜಿಯ ಗಾಜಿನೊಳಗಿನ ಸಂತನ ಹಾಗೆ ಅವು ದೂಳು ಕಾಣದೆ, ಕೈ ಸೋಕದೆ ಕುಳಿತಿದ್ದವು. ಹುಡುಗನಾಗಿದ್ದಾಗ ಮಂದುರ್ರಿಯಾವೋದ ಹಳೆಯ ವಿಮಾನ ನಿಲ್ದಾಣದ ಬೇಲಿಗೆ ಮೂಗೊತ್ತಿ ನೋಡಿದ ವಿಮಾನಗಳೆಲ್ಲ ಅವನ ಸಾಲಿನಲ್ಲಿದ್ದವು. ಇಲ್ಲದ್ದು ಒಂದೇ, ಎರಡು ಪಂಖಗಳ, ಬೆಳ್ಳಿ ಹೊಟ್ಟೆಯ ಆ ಪುಟ್ಟ ವಿಮಾನ.

ಅಂದು ಸಂಜೆ ಸಂಗ್ರಾಹಕರ ಸಂಘದ ಸಭೆ. ಯಾರ ಸಾಲು ಪೂರ್ಣವೋ ಅವರ ಸಾಲು ಇಡೀ ವರ್ಷ ನಗರ ಗ್ರಂಥಾಲಯದ ಗಾಜಿನ ಬೀರುವಿನಲ್ಲಿ, ಮಾಲೀಕನ ಹೆಸರಿನೊಂದಿಗೆ ರಾರಾಜಿಸುವುದು. ನಿಯಮ ಒಂದೇ: ಪೆಟ್ಟಿಗೆ ತೆರೆದಿರಕೂಡದು. ಬೆಳ್ಳಿ ಹೊಟ್ಟೆಯ ಮೂರು ವಿಮಾನಗಳು ಪೇಟೆಯ ದೊಡ್ಡ ಮಳಿಗೆಗೆ ಬಂದಿವೆಯೆಂಬ ಸುದ್ದಿ ಬೆಳಿಗ್ಗೆ ಕಿವಿಗೆ ಬಿದ್ದದ್ದೇ ತಡ, ದೊಲ್ಫೋ ತಲೆ ಬಾಚುವುದನ್ನೂ ಮರೆತು ಜೀಪ್ನಿ ಬಸ್ಸು ಹತ್ತಿದ.

ಮೂರೂ ಇದ್ದವು! ಮಾರಾಟದ ಹುಡುಗಿ ಜೊವೆಲಿನ್ ಮೂರನ್ನೂ ನಗುನಗುತ್ತ ಎತ್ತಿಕೊಂಡು ಪರೀಕ್ಷೆಯ ಕೌಂಟರಿಗೆ ನಡೆದಳು. ಆ ಊರಿನಲ್ಲಿ ಬಲ್ಬಾಗಲಿ ಫ್ಯಾನಾಗಲಿ, ಬಿಚ್ಚಿ ನಡೆಸಿ ತೋರಿಸದೆ ಯಾವ ಮಳಿಗೆಯೂ ಮಾರುವುದಿಲ್ಲ. ದೊಲ್ಫೋ ಬಾಯಿ ತೆರೆಯುವಷ್ಟರಲ್ಲಿ ಅವಳ ಉಗುರು ಮೊದಲ ಪೆಟ್ಟಿಗೆಯ ಅಂಟನ್ನು ಸೀಳಿತ್ತು.

"ಇಂದೈ, ತಂಗೀ, ಬೇಡಮ್ಮಾ! ಬಿಚ್ಚಬೇಡ!"

"ಟೆಸ್ಟ್ ಮಾಡ್ಬೇಕಲ್ಲ ಸರ್. ಮನೆಗೆ ಹೋದ್ಮೇಲೆ ಕೆಲಸ ಮಾಡ್ಲಿಲ್ಲ ಅಂದ್ರೆ?"

"ಅದು ಕೆಲಸ ಮಾಡೋದೇ ಇಲ್ಲ. ಸುಮ್ನೆ ಕೂತಿರುತ್ತೆ, ಅಷ್ಟೆ."

"ಕೆಲಸ ಮಾಡಲ್ಲ ಅಂತ ಗೊತ್ತಿದ್ದೂ ತಗೊಳ್ತೀರಾ?" ಜೊವೆಲಿನ್ ಕರುಣೆಯಿಂದ ಅವನನ್ನೇ ನೋಡಿದಳು.

ಪರೀಕ್ಷೆಯ ಕೌಂಟರಿನ ರೊಡೆಲ್ ಕರ್ತವ್ಯನಿಷ್ಠ. ವಿಮಾನವನ್ನು ತಲೆಕೆಳಗು ಮಾಡಿ ಹುಡುಕಿದ.

"ಬ್ಯಾಟರಿ ಎಲ್ಲಿ ಹಾಕೋದು ಸರ್?"

"ಬ್ಯಾಟರಿ ಇಲ್ಲ."

"ಸ್ವಿಚ್ಚು?"

"ಅದೂ ಇಲ್ಲ."

"ಮತ್ತೆ ನಾನು ಏನು ಟೆಸ್ಟ್ ಮಾಡ್ಲಿ?"

"ಏನೂ ಮಾಡ್ಬೇಡಪ್ಪ! ನಂಗೆ ಬಿಚ್ಚಿರೋದು ಬೇಡ. ಅಂಟಿಸಿದ ಪೆಟ್ಟಿಗೇನೇ ಕೊಡು."

"ಏನೂ ಮಾಡ್ದೆ ಸ್ಟಿಕರ್ ಅಂಟಿಸೋಕೆ ನಂಗೇನು ದೇವರ ಭಯ ಇಲ್ವಾ? ಸ್ಟಿಕರ್ ಇಲ್ದೆ ಕ್ಯಾಷಿಯರ್ ದುಡ್ಡು ಮುಟ್ಟಲ್ಲ. ರಸೀದಿ ಇಲ್ದೆ ಬಾಗ್ಲಲ್ಲಿರೋ ಗಾರ್ಡ್ ಬಿಡಲ್ಲ."

ದೊಲ್ಫೋ ನ್ಯಾಯ ಕೇಳಲು ಜೊವೆಲಿನ್ ಕಡೆ ತಿರುಗಿದ. ಮತ್ತೆ ಈ ಕಡೆ ತಿರುಗುವುದರೊಳಗೆ ಎರಡನೆಯ ಪೆಟ್ಟಿಗೆಯ ಕರುಳೂ ಹೊರಗೆ ಬಂದಿತ್ತು.

"ಮೊದಲನೇದು ಬೇಡ ಅಂದ್ರಲ್ಲ ಸರ್, ಅದಕ್ಕೇ ಇನ್ನೊಂದು ತೆಗೆದೆ," ಎಂದ ರೊಡೆಲ್ ಹೆಮ್ಮೆಯಿಂದ. "ಇದ್ರ ಪಂಖ ಇನ್ನೂ ಚೆನ್ನಾಗಿ ತಿರುಗುತ್ತೆ, ನೋಡಿ."

ಕೇಡು ಬಯಸುವವರಿಂದ ತಪ್ಪಿಸಿಕೊಳ್ಳಲು ದಾರಿಗಳುಂಟು. ಒಳಿತು ಬಯಸುವವರಿಂದ ಇಲ್ಲ. ದೊಲ್ಫೋ ಮೂರನೆಯ ಪೆಟ್ಟಿಗೆಯನ್ನು ಕಸಿದು, ಪ್ರವಾಹದಲ್ಲಿ ಮಗುವನ್ನು ಅಪ್ಪಿಕೊಂಡ ತಾಯಿಯಂತೆ ಎದೆಗೊತ್ತಿ ನಿಂತ. ಅವನ ಹಿಂದೆ ಸಾಲು ಬೆಳೆಯಿತು. ಸಾಲಿನ ತಲೆಗೆ, ಫ್ಯಾನ್ ಕೊಳ್ಳಲು ಬಂದಿದ್ದ ಮುದುಕಿ ಮನಾಂಗ್ ಪಾಸಿಂಗ್.

"ಬಿಚ್ಚಿ ನೋಡೋ ತೊತೋ," ಎಂದಳು ಮುದುಕಿ. ಐವತ್ತು ದಾಟಿದವನನ್ನು ಮರಿ ಎಂದು ಕರೆಯುವ ಹಕ್ಕು ಅವಳ ವಯಸ್ಸಿಗಿತ್ತು. "ನಾಚ್ಕೆ ಯಾಕೆ? ನಾನಂತೂ ಗಂಡನ್ನೂ ಪರೀಕ್ಷೆ ಮಾಡೇ ತಗೊಂಡಿದ್ದು."

"ಮನಾಂಗ್, ದಯವಿಟ್ಟು..."

"ಮೊಮ್ಮಗನಿಗಾ?"

"ನನಗೇ."

ಸಾಲಿಗೆ ಸಾಲೇ ಕತ್ತು ಚಾಚಿ ಅವನನ್ನು ನೋಡಿತು. "ಪಾಪ, ಮದುವೆ ಆಗಿಲ್ವೇನೋ," ಎಂದು ಯಾರೋ ಪಿಸುಗುಟ್ಟಿದರು.

ಗಲಭೆ ಕೇಳಿ ಮೇಲ್ವಿಚಾರಕಿ ಲುದಿವಿನಾ ಬಂದಳು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ವಾಕಿಟಾಕಿ, ಮುಖದಲ್ಲಿ ಸರಕಾರ. ದೊಲ್ಫೋ ಕೈ ಮುಗಿಯುವುದೊಂದು ಬಾಕಿ. ಬೇಲಿಗೆ ಮೂಗೊತ್ತಿದ್ದು, ಗಾಜಿನ ಬೀರು, ಸಂಜೆಯ ಸಭೆ, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದ.

"ಅರ್ಥ ಆಯ್ತು ಸರ್. ಆದ್ರೆ ಟೆಸ್ಟ್ ಮಾಡ್ಲೇಬೇಕು ಅನ್ನೋದು ನಿಯಮ," ಎಂದಳು ಲುದಿವಿನಾ. ಮರುಕ್ಷಣ ಅವಳ ಹುಬ್ಬು ಗಂಟಿಕ್ಕಿತು. "ಬಿಚ್ಚಲೇಬೇಕು ಅಂತ ನಿಯಮದಲ್ಲಿ ಇದ್ಯೇನೋ ರೊಡೆಲ್?"

"ಇಲ್ಲ ಮ್ಯಾಡಂ. ಆದ್ರೆ ಬಿಚ್ಚದೆ ಹೇಗೆ?"

"ತೂಕ ಹಾಕ್ರೋ!" ಎಂದಳು ಮನಾಂಗ್ ಪಾಸಿಂಗ್. "ಬಿಚ್ಚಿರೋದೂ ಬಿಚ್ಚದೆ ಇರೋದೂ ಒಂದೇ ತೂಕ ಇದ್ರೆ ಒಳಗಿರೋದೂ ಒಂದೇ ಅಲ್ವಾ? ನಿಮಗೆಲ್ಲ ಸಂಬಳ ಯಾಕೆ ಕೊಡ್ತಾರೋ!"

ಹೀಗೆ ಹೊರಟಿತು ಮೆರವಣಿಗೆ. ಮುಂದೆ ಲುದಿವಿನಾ, ಅವಳ ಹಿಂದೆ ರೊಡೆಲ್, ನಡುವೆ ಪೆಟ್ಟಿಗೆಯೊಂದಿಗೆ ದೊಲ್ಫೋ, ಹಿಂದೆ ತಮ್ಮ ಬಲ್ಬು ಕುಕ್ಕರುಗಳೊಂದಿಗೆ ಇಡೀ ಸಾಲು. ಒಬ್ಬನಿಗೂ ಮನೆಯಲ್ಲಿ ಕೆಲಸವಿರಲಿಲ್ಲವೆ ಎಂದು ಕೇಳಬೇಡಿ. ಎಲ್ಲರಿಗೂ ಇತ್ತು. ಆಹಾರ ವಿಭಾಗದಲ್ಲಿ ಒಣಮೀನು ತೂಗುವ ತಕ್ಕಡಿಯ ಮೇಲೆ ಮೊದಲು ಸೀಳಿದ ಪೆಟ್ಟಿಗೆ ಕುಳಿತಿತು, ಆಮೇಲೆ ಸೀಳದ್ದು. ಮುಳ್ಳು ಎರಡು ಸಲವೂ ಒಂದೇ ಕಡೆ ನಿಂತಿತು. ಜನ ಚಪ್ಪಾಳೆ ತಟ್ಟಿದರು. ರೊಡೆಲ್ ನಿರಾಳವಾಗಿ ಉಸಿರು ಬಿಟ್ಟು, 'ಪರೀಕ್ಷಿಸಲಾಗಿದೆ' ಎಂಬ ಹಸಿರು ಸ್ಟಿಕರನ್ನು ಪೆಟ್ಟಿಗೆಯ ಬಾಯಿಯ ಮೇಲೇ ಇಟ್ಟು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ದೊಲ್ಫೋ ಆಶೀರ್ವಾದ ಬೇಡುವಂತೆ ಮುದುಕಿಯ ಕೈಯನ್ನು ಹಣೆಗೊತ್ತಿಕೊಂಡು, ದುಡ್ಡು ಕಟ್ಟಿ ಓಡಿದ.

ಸಂಘದ ಸಭೆ ಲಾ ಪಾಸ್ ಮಾರುಕಟ್ಟೆಯ ಬಾಚೋಯ್ ಎಂಬ ಶ್ಯಾವಿಗೆ ಸಾರಿನ ಅಂಗಡಿಯ ಅಟ್ಟದ ಮೇಲೆ. ಅಧ್ಯಕ್ಷರು ವಕೀಲ ಸೆವೆರಿನೋ. ಊರು ಅವರನ್ನು ಕರೆಯುವುದೇ 'ಅಟಾರ್ನಿ' ಎಂದು. ಬಿಸಿ ಸಾರಿನ ಬಟ್ಟಲನ್ನು ಬದಿಗೆ ಸರಿಸಿ, ಅವರು ಪೆಟ್ಟಿಗೆಯನ್ನು ಮೂಸಿ ನೋಡಿದರು.

"ಮೀನಿನ ವಾಸನೆ," ಎಂದರು. ಆಮೇಲೆ ಸ್ಟಿಕರಿನ ಮೇಲೆ ಬೆರಳಿಟ್ಟರು. "ಪರೀಕ್ಷಿಸಲಾಗಿದೆ! ದೊಲ್ಫೋ, ನಮ್ಮೂರಲ್ಲಿ ಬಿಚ್ಚದೆ ಪರೀಕ್ಷೆ ಮಾಡಿದ ಅಂಗಡಿ ಯಾವುದಯ್ಯಾ?"

"ತೂಕ ಹಾಕಿದ್ರು ಅಟಾರ್ನಿ! ಒಣಮೀನಿನ ತಕ್ಕಡೀಲಿ!"

ಅಟ್ಟ ನಗೆಯಿಂದ ನಡುಗಿತು. "ಈ ಸಾಕ್ಷೀನ ಯಾವ ಜಡ್ಜೂ ಒಪ್ಪಲ್ಲ ಬಿಡು," ಎಂದ ಹಲ್ಲಿನ ಡಾಕ್ಟರ್ ಎಫ್ರೆನ್.

"ಸ್ಟಿಕರ್ ಕೀಳಿ, ಕೆಳಗೆ ಕಾರ್ಖಾನೆ ಅಂಟು ಹಾಗೇ ಇದೆ!" ಎಂದು ಅಂಗಲಾಚಿದ ದೊಲ್ಫೋ.

"ಕಿತ್ರೆ ಅಂಟೂ ಜೊತೆಗೇ ಬರುತ್ತೆ," ಎಂದರು ಅಟಾರ್ನಿ. "ಆದ್ರೆ ಒಂದು ದಾರಿ ಇದೆ. ಒಳಗೆ ವಿಮಾನಾನ ದಾರದಿಂದ ಕಟ್ಟಿರ್ತಾರೆ. ದಾರ ಹಾಗೇ ಇದ್ರೆ ಯಾರೂ ಮುಟ್ಟಿಲ್ಲ ಅಂತ ಅರ್ಥ."

ದೊಲ್ಫೋನ ಮಾತನ್ನು ಯಾರೂ ಅದುವರೆಗೆ ಸುಳ್ಳೆಂದಿರಲಿಲ್ಲ. ಮರ್ಯಾದಸ್ಥನಿಗೆ ಮಾನದ ಮುಂದೆ ಬುದ್ಧಿ ಕೆಲಸ ಮಾಡುವುದಿಲ್ಲ. ಅವನು ಎಲ್ಲರೆದುರು ಎದ್ದು ನಿಂತು, ಬಾಳಿನಲ್ಲಿ ಮೊದಲ ಬಾರಿಗೆ ಒಂದು ಪೆಟ್ಟಿಗೆಯನ್ನು ಬಿಚ್ಚಿದ.

ದಾರ ಕಾರ್ಖಾನೆಯ ಗಂಟಿನೊಂದಿಗೆ ಹಾಗೆಯೇ ಇತ್ತು.

ಸಭೆ ಎದ್ದು ನಿಂತಿತು. ಅಟಾರ್ನಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಕ್ಷಮಿಸಪ್ಪ ದೊಲ್ಫೋ. ನೀನು ಸತ್ಯವಂತ. ಈ ಪೆಟ್ಟಿಗೇನ ಇಲ್ಲೀವರೆಗೂ ಯಾರೂ ತೆರೆದಿರ್ಲಿಲ್ಲ ಅಂತ ನಾನೇ ಬರೆದುಕೊಡ್ತೀನಿ." ಕನ್ನಡಕ ಮತ್ತೆ ಮೂಗಿಗೇರಿತು. "ಇಲ್ಲೀವರೆಗೂ. ಈಗ ತೆರೆದಿದೆ. ನಿಯಮ ನಿಯಮವೇ. ಈ ವರ್ಷ ಬೀರು, ಸಾಲು ಪೂರ್ಣ ಇರೋ ಎಫ್ರೆನ್‌ಗೆ."

ದೊಲ್ಫೋ ಕುರ್ಚಿಗೆ ಕುಸಿದ. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲವೆಂದು ಅರಿತ ಅವನು, ಮೇಜಿನ ಮೇಲಿದ್ದ ಚಾಕುವಿನಿಂದ ದಾರ ಕೊಯ್ದು, ವಿಮಾನವನ್ನು ಅಂಗೈಗೆ ತೆಗೆದುಕೊಂಡ. ತಣ್ಣಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಊದಿದ. ಎರಡು ಪಂಖಗಳೂ ಗಿರ್ರನೆ ತಿರುಗಿದವು. ಬೇಲಿಯಾಚೆ ಅಂದು ತಿರುಗುತ್ತಿದ್ದುದು ಹೀಗೆಯೇ.

"ನಂಗೊಂದ್ಸಲ ಕೊಡೋ," ಎಂದ ಎಫ್ರೆನ್. ಕೊಟ್ಟಾಗ ಬಾಯಿಂದಲೇ ಇಂಜಿನ್ ಶಬ್ದ ಮಾಡುತ್ತ ಬಟ್ಟಲುಗಳ ಮೇಲೆ ಹಾರಿಸಿದ. ಅಟಾರ್ನಿ ಉಪ್ಪಿನ ಡಬ್ಬಿಯನ್ನು ಸರಿಸಿ ಅದಕ್ಕೆ ಇಳಿಯಲು ಜಾಗ ಮಾಡಿಕೊಟ್ಟರು. ನೂರಾರು ವಿಮಾನಗಳ ಒಡೆಯರಾದ ಆ ಹಿರಿಯರಲ್ಲಿ ಒಬ್ಬನೂ ತನ್ನದೆನ್ನುವ ಒಂದನ್ನೂ ಅದುವರೆಗೆ ಮುಟ್ಟಿರಲಿಲ್ಲ! ಸಾರು ಆರಿತು. ಸರದಿ ಎರಡು ಸುತ್ತು ಬಂತು. ಬೀರು ಕಳೆದುಕೊಂಡ ದೊಲ್ಫೋ ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದ.

ನಗುವುದು ಸಾಕು, ಓದುಗರೇ. ಮದುವೆಗೆ ಬಂದ ಪಿಂಗಾಣಿ ಬಟ್ಟಲುಗಳು ನಿಮ್ಮ ಅಲ್ಮೇರಾದ ಮೇಲೆ ಇನ್ನೂ ಅಂಟು ಬಿಚ್ಚದ ಪೆಟ್ಟಿಗೆಯಲ್ಲೇ ಇವೆಯಲ್ಲವೆ? ಯಾವ ಮಹಾಪುರುಷ ಊಟಕ್ಕೆ ಬರಲೆಂದು ಕಾದಿರಿಸಿದ್ದೀರಿ? ಈ ಪುಸ್ತಕವನ್ನು ಮಡಚಿಡಿ. ಸ್ಟೂಲು ಹಾಕಿ, ಪೆಟ್ಟಿಗೆ ಇಳಿಸಿ, ಬಿಚ್ಚಿ. ಇಂದಿನ ಸಾರನ್ನು ದಯವಿಟ್ಟು ಅದರಲ್ಲೇ ಬಡಿಸಿ.