ನಾಲ್ಕು ಒಲೆಯ ಕಂಪ್ಯೂಟರ್

ದಿಲ್ಲಿಯ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಗುಮಾಸ್ತ ಅಶ್ವತ್ಥನಾರಾಯಣ ಬೆಳಿಗ್ಗೆ ಆರರಿಂದ ಜಪ ಮಾಡುತ್ತಿದ್ದ. "ಆಪರೇಟಿಂಗ್ ಸಿಸ್ಟಮ್ ಎಂದರೆ... ಎಂದರೆ..." ಅಲ್ಲಿಂದ ಮುಂದೆ ಗಾಡಿ ಹೋಗುತ್ತಿರಲಿಲ್ಲ.

ಹನ್ನೊಂದಕ್ಕೆ ಸಂದರ್ಶನ. ಮೈಸೂರು ಶಾಖೆಯಲ್ಲಿ ಖಾಲಿಯಿದ್ದದ್ದು ಒಂದೇ ಕುರ್ಚಿ. ವರ್ಗ ಕೇಳಿದವರು ಇಬ್ಬರು: ಅವನು, ಪಕ್ಕದ ಮೇಜಿನ ಚಂದ್ರಪ್ಪ. ಕಂಪ್ಯೂಟರ್ ಜ್ಞಾನ ನೋಡಿ ತೀರ್ಮಾನ ಎಂದು ಸುತ್ತೋಲೆ ಬಂದಿತ್ತು. ಹದಿನೆಂಟು ವರ್ಷ ದಿಲ್ಲಿಯ ಧೂಳು ಕುಡಿದು ಸಾಕಾಗಿದ್ದ ಹೆಂಡತಿ ಪದ್ಮಾ ಆಗಲೇ ಬಟ್ಟೆಬರೆಯನ್ನೆಲ್ಲ ದೊಡ್ಡ ಟ್ರಂಕಿಗೆ ತುಂಬಿ ಬೀಗ ಜಡಿದಿದ್ದಳು.

"ಪಪ್ಪಾ, ಕಿತ್ನಾ ಸಿಂಪಲ್ ಹೈ!" ಎಂದಳು ಮಗಳು ಅನನ್ಯಾ. "ಪ್ರೋಸೆಸ್, ಮೆಮೊರಿ, ಫೈಲ್, ಡಿವೈಸ್, ಸೆಕ್ಯುರಿಟಿ. ಐದೇ ಕೆಲಸ, ಬಸ್."

ಅವನು ಬೆರಳು ಮಡಿಸಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿತ್ತು.

ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ಸುಮಿತ್ರಾ ಸುಮ್ಮನಿರುವ ಪೈಕಿಯಲ್ಲ. "ಬಾಯಿಪಾಠ ಮಾಡಿದ್ರೆ ಬರಲ್ಲ ಅಣ್ಣ. ಪದ್ಮಾ ಅಡುಗೆಮನೇಲಿ ದಿನಾ ಮಾಡೋದೂ ಅದೇ ಅಲ್ವಾ?"

ಮಗಳಿಗೆ ಪಾಠ ಓದಿಸಿ ಓದಿಸಿ ಪಳಗಿದ್ದ ಪದ್ಮಾಗೆ ಹುರುಪು ಬಂತು. "ಹೌದಲ್ವೇ! ನೋಡ್ರಿ, ಯಾವ ಒಲೆ ಮೇಲೆ ಯಾವುದು ಮೊದಲು ಅನ್ನೋದು ಪ್ರೋಸೆಸ್. ಈ ಕಟ್ಟೆ ಮೆಮೊರಿ, ಜಾಗ ಸಾಲದಿದ್ರೆ ಒಂದು ತೆಗೆದು ಇನ್ನೊಂದು ಇಡ್ಬೇಕು. ಸಾಲಾಗಿರೋ ಡಬ್ಬಗಳು ಫೈಲು. ಮಿಕ್ಸಿ ಡಿವೈಸು. ತುಪ್ಪದ ಡಬ್ಬಕ್ಕೆ ನಿಮ್ಮ ಕೈ ಹೋಗದ ಹಾಗೆ ಕಾಯೋದು ಸೆಕ್ಯುರಿಟಿ."

"ಚಲೋ, ಈಗ ನೀವೇ ಸಿಸ್ಟಮ್!" ಎಂದು ಸುಮಿತ್ರಾ ಸೌಟನ್ನು ಅವನ ಕೈಗಿತ್ತರು.

ನಾಲ್ಕು ಒಲೆಯೂ ಹೊತ್ತಿದವು. ಹಾಲು ಉಕ್ಕಿತೆಂದು ಅತ್ತ ಓಡಿದರೆ ಇತ್ತ ದೋಸೆ ಕರಕಲಾಯಿತು. ದೋಸೆ ಎತ್ತುವಾಗ ಮುಚ್ಚಳ ಮರೆತ ಮಿಕ್ಸಿಯ ಗುಂಡಿಗೆ ಮೊಣಕೈ ತಗುಲಿತು. ಅರಿಸಿನ ಬೆರೆತ ಮಸಾಲೆ ಅವನ ಎದೆಯ ಮೇಲೆ ಓಕುಳಿಯಾಡಿತು.

"ಸಿಸ್ಟಮ್ ಹ್ಯಾಂಗ್!" ಎಂದು ಅನನ್ಯಾ ಚಪ್ಪಾಳೆ ತಟ್ಟಿದಳು.

ಬದಲಿಸಲು ಬೇರೆ ಅಂಗಿಗಳೆಲ್ಲ ಟ್ರಂಕಿನಲ್ಲಿ. ಗಡಿಬಿಡಿಯಲ್ಲಿ ಬೀಗದ ಕೈ ಸಿಗಲಿಲ್ಲ. ಹಳದಿ ಕಲೆಯ ಅಂಗಿಯಲ್ಲೇ ಅವನು ಆಫೀಸಿಗೆ ಓಡಿದ.

ಸಂದರ್ಶನ ಮಾಡುವ ಅಹಲ್ಯಾ ಮೇಡಂ ಕನ್ನಡದವರೇ. "ಹೇಳಿ, ಆಪರೇಟಿಂಗ್ ಸಿಸ್ಟಮ್ ಏನೇನು ಕೆಲಸ ಮಾಡುತ್ತೆ?"

"ಎಂದರೆ... ಎಂದರೆ..." ಗಾಡಿ ಮತ್ತೆ ಅಲ್ಲೇ ನಿಂತಿತು. ನಾಚಿ ಮುಖ ತಗ್ಗಿಸಿದಾಗ ಎದೆಯ ಮೇಲಿನ ಹಳದಿ ಕಲೆ ಕಂಡಿತು. ಅಷ್ಟೇ, ಇಡೀ ಅಡುಗೆಮನೆ ಕಣ್ಣೆದುರು ಬಂತು. ಒಲೆ, ಕಟ್ಟೆ, ಡಬ್ಬ, ಮಿಕ್ಸಿ, ತುಪ್ಪ... ಹತ್ತು ನಿಮಿಷ ಅವನು ಉಸಿರು ಬಿಡದೆ ಮಾತಾಡಿದ. ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು, ನಡುನಡುವೆ ಬರೆದೂ ಕೊಂಡರು.

ಅವನ ನಂತರ ಒಳಹೊಕ್ಕ ಚಂದ್ರಪ್ಪ ಎರಡೇ ನಿಮಿಷಕ್ಕೆ ಹೊರಬಂದ.

"ಏನಂದ್ರಿ?"

"ಗೊತ್ತಿಲ್ಲ ಅಂದೆ. ಕಂಪ್ಯೂಟರ್ ನಿಂತ್ರೆ ಪಕ್ಕದ ಮೇಜಿನ ನಿಮ್ಮನ್ನೇ ಕೂಗ್ತೀನಿ ಅಂದೆ."

ಅಶ್ವತ್ಥನಾರಾಯಣನಿಗೆ ಪಾಪ ಅನ್ನಿಸಿತು. ಅವನಿಗೆ ಚಹಾ ಕೊಡಿಸಿ ಸಮಾಧಾನವನ್ನೂ ಹೇಳಿದ, ದೊಡ್ಡ ಟ್ರಂಕಿಗೆ ಬೀಗ ಬಿದ್ದು ಕಲೆಯ ಅಂಗಿಯಲ್ಲೇ ಬಂದ ಕಥೆಯನ್ನೂ ಹೇಳಿದ.

ಊಟಕ್ಕೆ ಮೊದಲೇ ಮೇಡಂ ಕರೆಸಿದರು. "ಇಲ್ಲಿ ಇನ್ನೂರು ಜನಕ್ಕೆ ಕಂಪ್ಯೂಟರ್ ಕಲಿಸೋರನ್ನ ಹುಡುಕ್ತಾ ಇದ್ದೆ. ನಿಮ್ಮನ್ನ ರಿಟೈರಾಗೋವರೆಗೂ ದಿಲ್ಲಿಯಿಂದ ಬಿಡೋದಿಲ್ಲ!"

"ಮೇಡಂ, ಮೈಸೂರು?"

"ಅಲ್ಲಿರೋದು ಹಳೇ ಕಾಗದದ ಕೋಣೆ, ಕಂಪ್ಯೂಟರ್ ಮುಟ್ಟೋ ಕೆಲಸವೇ ಇಲ್ಲ. ಚಂದ್ರಪ್ಪ ಸಾಕು."

ಅವನಿಗೆ ನಿಜವಾಗಿಯೂ ಅಳು ಬಂತು. ಮನೆಗೆ ಫೋನ್ ಮಾಡಿದ.

"ನಾನು ಹೇಳಿಕೊಟ್ಟಿದ್ದು ಎಲ್ಲಾ ಹೇಳಿದ್ರಾ?" ಪದ್ಮಾ ಕಾತರದಿಂದ ಕೇಳಿದಳು.

"ಒಂದೂ ಬಿಡದೆ ಹೇಳಿದೆ ಕಣೇ. ಅದೇ ತಪ್ಪಾಯ್ತು."

ಫೋನ್ ಇಡುವಷ್ಟರಲ್ಲಿ ಚಂದ್ರಪ್ಪ ಹಲ್ಲು ಕಿರಿಯುತ್ತ ಪಕ್ಕದಲ್ಲಿ ನಿಂತಿದ್ದ. "ಸಾರ್, ನಿಮ್ಮನೇಲಿ ದೊಡ್ಡದೊಂದು ಟ್ರಂಕ್ ಇದೆಯಂತಲ್ಲ. ಹೇಗೂ ಖಾಲಿ ಮಾಡ್ತೀರಿ, ನನಗೆ ಕೊಡ್ತೀರಾ?"