ದೆವ್ವ ಉಟ್ಟ ಮೊಳಕಾಲ್ಮೂರು ಸೀರೆ

ಫಾರ್ಮು ವಾಪಸ್ ಬಂತು. ಹೆಸರು, ಕ್ವಾರ್ಟರ್ಸ್ ನಂಬರು, ಚಿತ್ರದ ಹೆಸರು 'ಕೆಂಪು ಬಾವಿಯ ಕನ್ಯೆ', ಅವಧಿ ಹನ್ನೊಂದು ನಿಮಿಷ, ಎಲ್ಲ ಸರಿಯಾಗಿಯೇ ತುಂಬಿದ್ದೆ. 'ಈ ಚಿತ್ರ ಯಾರಿಗಾಗಿ?' ಎಂಬಲ್ಲಿ 'ಎಲ್ಲರಿಗೂ' ಎಂದು ಬರೆದದ್ದು ನಮ್ಮ ಸ್ಟಾಫ್ ಕ್ಲಬ್ಬಿನ ಕಾರ್ಯದರ್ಶಿ ಕೊಟ್ರಯ್ಯನವರಿಗೆ ಹಿಡಿಸಲಿಲ್ಲ.

"ಎಲ್ಲಾರಿಗೂ ಅಂದ್ರ ಯಾರಿಗೂ ಅಲ್ಲ, ಅಂಜಿನೇಯ. ದೆವ್ವದ ಸಿನಿಮಾ ನೋಡಿ ಅಂಜೋರು ಯಾರು? ಹುಡುಕಿ ಬರೀರಿ. ಇಲ್ಲಾಂದ್ರ ವಾರ್ಷಿಕೋತ್ಸವದಾಗ ತೋರ್ಸೋದು ಬ್ಯಾಡ."

ದೋಣಿಮಲೈಯ ಕಬ್ಬಿಣದ ಗಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೇರೆಯವರ ಹಾಜರಿ ಬರೆಯುತ್ತ ಬಂದವನು ನಾನು. ಒಂದು ಸಲವಾದರೂ ಪರದೆಯ ಮೇಲೆ ನನ್ನ ಹೆಸರು ಮೂಡಲಿ ಎಂದು ಆಸೆಪಟ್ಟರೆ ತಪ್ಪೇ? (ತಪ್ಪು ಎನ್ನುವವರು ಮನಸ್ಸಿನಲ್ಲೇ ಅಂದುಕೊಳ್ಳಿ.)

ಇಲ್ಲಿ ಒಂದು ಗುಟ್ಟು ಹೇಳಿಬಿಡುತ್ತೇನೆ. ನನ್ನ ದೆವ್ವ ಫಿಟ್ಟರ್ ಲಿಂಗರಾಜ್, ಆರಡಿ ಆಳು. ಅವನಿಗೆ ಉಡಿಸಲು ಬಿಳಿ ಸೀರೆ ಬೇಕಿತ್ತು. ನನ್ನ ಹೆಂಡತಿ ಅನುಸೂಯಾಳ ಟ್ರಂಕಿನಲ್ಲಿ ಕೆನೆ ಬಣ್ಣದ ಮೊಳಕಾಲ್ಮೂರು ರೇಷ್ಮೆ ಇತ್ತು. ಅವಳ ಅವ್ವ ಕಡೆಯ ಸಲ ಉಡಿ ತುಂಬಿ ಕಳಿಸಿದ್ದು. ಅವಳು ಟೇಲರಿಂಗ್ ಕ್ಲಾಸಿಗೆ ಹೋದ ಹೊತ್ತು ನೋಡಿ ಅದನ್ನು ಎತ್ತಿದೆ. ಅದಿರಿನ ಧೂಳಿನ ಈ ಊರಲ್ಲಿ ಬಿಳಿ ಎನ್ನುವುದು ಬೆಳಗ್ಗೆ ಎಂಟು ಗಂಟೆವರೆಗೆ ಮಾತ್ರ. ಶೂಟಿಂಗ್ ಮುಗಿಯುವಷ್ಟರಲ್ಲಿ ಸೀರೆ ಮೊಣಕಾಲಿನವರೆಗೆ ಕೆಂಪಾಗಿತ್ತು. ಕೊಳೆಯ ಮಗ್ಗುಲು ಒಳಗೆ ಬರುವಂತೆ ಮಡಚಿ ಟ್ರಂಕಿನ ತಳಕ್ಕೆ ಸೇರಿಸಿದೆ.

ಅಂಜುವವರ ಬೇಟೆ ಶುರುವಾಯಿತು. ಆಫೀಸಿನ ಹುಡುಗರು ಚಿತ್ರವನ್ನು ಡಬಲ್ ಸ್ಪೀಡಿಗೆ ಹಾಕಿ, ನಾಲ್ಕು ನಿಮಿಷ ನೋಡಿ, ಟೀ ಕುಡಿಯಲು ಹೋದರು. ಕ್ವಾರ್ಟರ್ಸಿನ ಮಕ್ಕಳು ದೆವ್ವದ ಮೀಸೆ ನೋಡಿ ಲಿಂಗರಾಜ್ ಅಂಕಲ್ ಎಂದು ಕುಣಿದಾಡಿದವು. ಯಶವಂತನಗರದ ಲಾರಿ ಡ್ರೈವರ್‌ಗಳಂತೂ ಘಾಟಿಯ ದೆವ್ವ ಹೀಗೆ ನಡೆಯುವುದಿಲ್ಲ ಎಂದು ನನಗೇ ಪಾಠ ಮಾಡಿದರು. ಉಳಿದದ್ದು ಮಹಿಳಾ ಸಂಘ ಎಂದರು ಕೊಟ್ರಯ್ಯ. ಆದರೆ ಅನುಸೂಯಾ ಆ ಸಂಘದ ಸದಸ್ಯೆ. ಮಬ್ಬುಗತ್ತಲಲ್ಲಿ ತೆಗೆದದ್ದು, ಯಾವ ಸೀರೆ ಎಂದು ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. (ಹೆಂಗಸರನ್ನು ಬಲ್ಲವರು ಇಲ್ಲಿ ನಕ್ಕುಬಿಡಿ.)

ಭಾನುವಾರ ಮಧ್ಯಾಹ್ನ ಸಂಘದ ಸಭಾಂಗಣದ ಗೋಡೆಯ ಮೇಲೆ ಪ್ರದರ್ಶನ. ದೆವ್ವ ಬಾವಿಯಿಂದ ಎದ್ದು ಬಂತು. ಯಾರೋ ಆಕಳಿಸಿದರು. ದೆವ್ವ ಊಳಿಟ್ಟಿತು. ಇಬ್ಬರು ಅವರೆಕಾಯಿ ಸುಲಿಯುತ್ತಲೇ ಇದ್ದರು. ಆಮೇಲೆ ದೆವ್ವ ನಡೆಯತೊಡಗಿತು, ಸೆರಗು ಕೆಂಪು ರಾಡಿಯಲ್ಲಿ ಎಳೆದುಕೊಂಡು ಹೋಯಿತು. ಹಿಂದಿನ ಸಾಲಿನಿಂದ "ಅಯ್ಯ ಶಿವನ" ಎಂಬ ಉದ್ಗಾರ ಬಂತು. ದೆವ್ವ ಆ ರಾಡಿಯಲ್ಲೇ ಕುಕ್ಕರಿಸಿತು. ಇಡೀ ಸಭಾಂಗಣ ಉಸಿರು ಬಿಗಿಹಿಡಿಯಿತು. ಬೇಲಿಯ ಮುಳ್ಳುತಂತಿಗೆ ಸೆರಗು ಸಿಕ್ಕಿದಾಗ ಸಂಘದ ನಿಂಗಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ನಿಲ್ಲಿಸ್ರಿ, ನೋಡಾಕ ಆಗವಲ್ದು ಎಂದರು. ನನಗೆ ರೋಮಾಂಚನ. ಪೆನ್ನು ತೆಗೆದು ಫಾರ್ಮಿನಲ್ಲಿ 'ಗೃಹಿಣಿಯರಿಗಾಗಿ' ಎಂದು ದಪ್ಪಗೆ ಬರೆದೆ.

ತಲೆ ಎತ್ತಿದರೆ ಮುಂದಿನ ಸಾಲಿನಲ್ಲಿ ಅನುಸೂಯಾ ಎದ್ದು ನಿಂತಿದ್ದಾಳೆ.

"ಅದು ಅವ್ವ ಉಡಿ ತುಂಬಿದ ಸೀರಿ," ಎಂದಳು. ಕೂಗಲಿಲ್ಲ, ಅದೇ ಹೆಚ್ಚು ಭಯ ತಂದಿತು. "ಊರ ಮಂದಿಗೆಲ್ಲ ತೋರ್ಸಿ ಅಂಜ್ತೀರೇನು ಅಂತ ಕೇಳ್ಕೋತ ಅಡ್ಡಾಡಿದ್ರಿ. ಮನ್ಯಾಗ ನಾ ಒಬ್ಬಾಕಿ ಇದ್ದೆ. ನನಗ ಒಂದ್ ಮಾತು ಹೇಳಿದ್ರ ನಾನ ಹಳೀ ಸೀರಿ ಹುಡುಕಿ ಕೊಡ್ತಿದ್ದೆ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಸೀರೆಗಿಂತ ನಾನು ಹೇಳದೆ ಬಿಟ್ಟ ಆ ಒಂದು ಮಾತೇ ಅವಳನ್ನು ಹೆಚ್ಚು ನೋಯಿಸಿತ್ತು.

ಸಂಘ ಅಲ್ಲೇ ಪಂಚಾಯ್ತಿ ಮಾಡಿತು. ಚಿತ್ರ ತೋರಿಸಬಹುದು, ಆದರೆ ಸೀರೆಯ ಗತಿ ಏನಾಯಿತೆಂದು ತೋರಿಸದೆ ಮುಗಿಸುವಂತಿಲ್ಲ. ಮರುದಿನ ಬೆಳಗ್ಗೆ ಕ್ವಾರ್ಟರ್ಸಿನ ನಲ್ಲಿಯ ಮುಂದೆ, ಅಷ್ಟೂ ಹೆಂಗಸರ ಸಮ್ಮುಖದಲ್ಲಿ, ಅಂಟುವಾಳದ ನೊರೆಯಲ್ಲಿ ನಾನು ಕುಕ್ಕರುಗಾಲಲ್ಲಿ ಕುಳಿತು ಸೀರೆ ಒಗೆದೆ. ಲಿಂಗರಾಜ್ ಮೊಬೈಲು ಹಿಡಿದ. ತಿಕ್ಕಬ್ಯಾಡ್ರಿ, ಹಿಂಡಬ್ಯಾಡ್ರಿ, ರೇಷ್ಮಿ ಅದು ಎಂದು ಅನುಸೂಯಾ ಸೊಂಟದ ಮೇಲೆ ಕೈಯಿಟ್ಟು ನಿರ್ದೇಶಿಸಿದಳು. ನಾಲ್ಕು ಸಲ ಜಾಲಿಸಿದರೂ ಅಂಗೈಯಗಲದ ಕಲೆ ಉಳಿಯಿತು. ನೆರಿಗೆಯೊಳಗೆ ಹೋಗುತ್ತದೆ ಬಿಡಿ ಎಂದು ಅವಳೇ ನನ್ನನ್ನು ಸಮಾಧಾನ ಮಾಡಿದಳು. ಹೊಸ ಫಾರ್ಮನ್ನೂ ಅವಳೇ ತುಂಬಿದಳು. 'ಯಾರಿಗಾಗಿ?' ಎಂಬಲ್ಲಿ 'ಎಲ್ಲರಿಗೂ' ಎಂದು ಬರೆದಳು. ಕೊಟ್ರಯ್ಯ ಈ ಸಲ ಹಾಗೇ ಸಹಿ ಹಾಕಿದರು.

ವಾರ್ಷಿಕೋತ್ಸವಕ್ಕೆ ಅವಳು ಅದೇ ಸೀರೆ ಉಟ್ಟು ನನ್ನ ಪಕ್ಕ ಕುಳಿತಳು. ನನ್ನ ದೆವ್ವವನ್ನು ಜನ ಸಹಿಸಿಕೊಂಡರು. ನಾನು ಸೀರೆ ಒಗೆಯುವ ನಾಲ್ಕು ನಿಮಿಷಕ್ಕೆ ಹುಡುಗರು, ಮಕ್ಕಳು, ಡ್ರೈವರ್‌ಗಳು ಬಿದ್ದು ಬಿದ್ದು ನಕ್ಕರು, ಒನ್ಸ್ ಮೋರ್ ಕೂಗಿದರು. ಕೊನೆಗೆ ಪರದೆಯ ಮೇಲೆ ಹೆಸರುಗಳು ಬಂದವು. ನಿರ್ದೇಶನ: ಅನುಸೂಯಾ. ದೆವ್ವ: ಲಿಂಗರಾಜ್. ಇಪ್ಪತ್ತೆರಡು ವರ್ಷ ಕಾದ ನನ್ನ ಹೆಸರೂ ಎಲ್ಲಕ್ಕಿಂತ ಕೆಳಗೆ ಬಂತು. ಸೀರೆ ಒಗೆದವರು: ಅಂಜಿನೇಯ.