ಇಂಗಾಲಕ್ಕೆ ಆರು ಗುಂಡಿ

ಬೆಳಗ್ಗೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ದರ್ಜಿಯ ಹೆಂಡತಿ ಅವನ ಹೊಲಿಗೆ ಮಿಷನ್ನಿನ ಮೇಲೆ ಒಂದು ಚೀಟಿ ಇಟ್ಟಳು.

"ರೀ, ಸಂಜೆ ಶಾಲೇಲಿ ಪರಮಾಣು ಮಾದರಿ ತೋರಿಸ್ಬೇಕು. ಗುಂಡಿ ಹೇಗೂ ನಿಮ್ಮ ಹತ್ರ ಇದ್ಯಲ್ಲ, ರಟ್ಟಿನ ಮೇಲೆ ಅಂಟಿಸಿಡ್ತೀರಾ?"

ನಲವತ್ತೆರಡನೇ ವಯಸ್ಸಿನಲ್ಲಿ ಅವಳು ದೊಡ್ಡವರ ಸಂಜೆ ಶಾಲೆಗೆ ಸೇರಿದ್ದಳು. ಇಡೀ ದಿನ ಆಸ್ಪತ್ರೆಯ ಬಟ್ಟೆ ಒಗೆದ ಒರಟು ಕೈ, ಪುಸ್ತಕದ ಹಾಳೆ ಮಗುಚುವಾಗ ಮಾತ್ರ ಮೆತ್ತಗಾಗುತ್ತಿತ್ತು. ಇಲ್ಲ ಎನ್ನಲು ದರ್ಜಿಗೆ ಬಾಯಿ ಬರಲಿಲ್ಲ.

ಚೀಟಿಯಲ್ಲಿತ್ತು: 'ಇಂಗಾಲ. ನಡುವಿನ ನ್ಯೂಕ್ಲಿಯಸ್ಸಿನಲ್ಲಿ ಆರು ಪ್ರೋಟಾನು, ಆರು ನ್ಯೂಟ್ರಾನು. ಸುತ್ತ ಎಲೆಕ್ಟ್ರಾನು, ಒಳಸುತ್ತಿಗೆ ಎರಡು, ಹೊರಸುತ್ತಿಗೆ ನಾಲ್ಕು.'

ಕೆಂಪು ಗುಂಡಿ ಆರು, ಬಿಳಿ ಗುಂಡಿ ಆರು ನಡುವೆ ಕೂತವು. ಎಲೆಕ್ಟ್ರಾನಿಗೆ ಆರು ಕರಿ ಗುಂಡಿ. ಪಕ್ಕದ ಅಂಗಡಿಯ ಕ್ಷೌರಿಕ ಕತ್ತರಿ ಹಿಡಿದೇ ಬಂದು ಬಗ್ಗಿ ನೋಡಿದ.

"ಒಳಗೆ ಎರಡು, ಹೊರಗೆ ನಾಲ್ಕು? ಇದ್ಯಾವ ನ್ಯಾಯ ಮಾರಾಯ? ಮೂರು-ಮೂರು ಮಾಡು."

"ಇದೇನು ಆಸ್ತಿ ಪಾಲೇನೋ? ಸುಮ್ನಿರು."

ಅಷ್ಟರಲ್ಲಿ ವಕೀಲೆಯಮ್ಮ ಬಿರುಗಾಳಿಯಂತೆ ನುಗ್ಗಿದರು. "ನನ್ನ ಕೋಟು ಕೊಡಿ, ಕೇಸು ಕರೀತಾರೆ!"

ದರ್ಜಿ ರಟ್ಟಿನತ್ತ ನೋಡಿದ. ಅಂಗಡಿಯಲ್ಲಿದ್ದ ಕರಿ ಗುಂಡಿಗಳೆಂದರೆ ಆ ಕೋಟಿನವೇ. ಇಂಗಾಲದಿಂದ ಆರನ್ನೂ ಕಿತ್ತು ಕೋಟಿಗೆ ಹೊಲಿದುಕೊಟ್ಟ. ಪರಮಾಣು ಬೋಳಾಯಿತು.

ಎದುರಿನ ಔಷಧಿ ಅಂಗಡಿಯವನು ಕನಿಕರಪಟ್ಟು ಸಾಸಿವೆಗಿಂತ ತುಸು ದಪ್ಪನೆಯ ಆರು ಸಿಹಿ ಗುಳಿಗೆ ತಂದ. "ಅಂಟು ಬೇಡ. ಒದ್ದೆ ಮಾಡಿ ಇಟ್ರೆ ಹಿಡ್ಕೊಳ್ಳುತ್ತೆ."

ನಿಜಕ್ಕೂ ಹಿಡಿದುಕೊಂಡವು. ದರ್ಜಿ ನಿಟ್ಟುಸಿರು ಬಿಟ್ಟು ಊಟಕ್ಕೆ ಹೋದ. ಬಂದು ಹೊಲಿಗೆಯಲ್ಲಿ ಮುಳುಗಿ, ಸಂಜೆ ನೋಡಿದರೆ ಹೊರಸುತ್ತಿನ ಎರಡು ಎಲೆಕ್ಟ್ರಾನುಗಳು ಮೆರವಣಿಗೆಯಲ್ಲಿ ಗೋಡೆ ಹತ್ತುತ್ತಿದ್ದವು; ಕೆಳಗೆ ಅವನ್ನು ಹೊತ್ತ ಇರುವೆಗಳ ಸಾಲು.

ಓಡಿಸಿ ಮುಗಿಸುವಷ್ಟರಲ್ಲಿ ಹೆಂಡತಿ ಬಾಗಿಲಲ್ಲಿದ್ದಳು. ಹೊತ್ತಾಗಿಹೋಗಿತ್ತು.

"ನಾಲ್ಕೇ ಉಳಿದಿದಾವೆ ಕಣೇ," ಎಂದ ದರ್ಜಿ, ತಪ್ಪು ಮಾಡಿದ ಮಗುವಿನಂತೆ ತಲೆ ತಗ್ಗಿಸಿ.

ಅವಳು ರಟ್ಟನ್ನೊಮ್ಮೆ, ಗಂಡನ ಅಂಟುಮೆತ್ತಿದ ಬೆರಳುಗಳನ್ನೊಮ್ಮೆ ನೋಡಿದಳು. ಏನೂ ಅನ್ನದೆ ಎತ್ತಿಕೊಂಡು ಹೋದಳು. ಬೈದಿದ್ದರೇ ವಾಸಿಯಿತ್ತು. ದರ್ಜಿ ಆ ಸಂಜೆ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದ.

ರಾತ್ರಿ ಊಟದ ಹೊತ್ತಿಗೆ ಅವಳು ಮುಖವರಳಿಸಿಕೊಂಡು ಬಂದಳು.

"ಮೇಷ್ಟ್ರು ಇನ್ನೆರಡು ಎಲ್ಲಿ ಅಂದ್ರು. 'ಸಾರ್, ಪ್ರೋಟಾನು ಆರು, ಎಲೆಕ್ಟ್ರಾನು ನಾಲ್ಕು. ಧನ ಆವೇಶ ಎರಡು ಹೆಚ್ಚು, ಆದ್ರಿಂದ ಇದು ಅಯಾನು. ಎಲೆಕ್ಟ್ರಾನು ಕಳ್ಕೊಂಡ್ರೂ ಪ್ರೋಟಾನು ಆರೇ ಇರೋದ್ರಿಂದ ಇಂಗಾಲವೇ' ಅಂದೆ. ಹತ್ತಕ್ಕೆ ಹತ್ತು! ಕ್ಲಾಸಲ್ಲಿ ಬೇರೆ ಯಾರಿಗೂ ಅಯಾನು ಹೊಳೆದಿರ್ಲಿಲ್ಲ."

ದರ್ಜಿಯ ಕಣ್ಣು ತುಂಬಿತು. "ನಿಂಗೆ ಬಂತಲ್ಲ, ಅಷ್ಟು ಸಾಕು."

"ಮಾಡಿದ್ದು ನಮ್ಮನೆಯವರು ಅಂತ ಹೇಳಿದೆ. ಮೇಷ್ಟ್ರಿಗೆ ತುಂಬಾ ಖುಷಿಯಾಯ್ತು. ಅಲ್ಲೇ ಹೆಸರು ಬರೆಸ್ಬಿಟ್ಟೆ."

"ಯಾರ ಹೆಸರು?"

"ನಿಮ್ದೇ. ನಾಳೆಯಿಂದ ಕ್ಲಾಸಿಗೆ ಬರ್ಬೇಕು. ಶುಕ್ರವಾರ ವಿಜ್ಞಾನ ಪರೀಕ್ಷೆ."

ಏಳನೇ ತರಗತಿಯಲ್ಲೇ ಶಾಲೆಯ ಗೋಡೆ ಹಾರಿ ಬಂದಿದ್ದ ದರ್ಜಿ ಅಳತೆ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಕೊನೆಗೆ ಮೆಲ್ಲಗೆ ಕೇಳಿದ.

"ನಿನ್ನ ಪಕ್ಕದಲ್ಲೇ ಕೂರಿಸ್ತಾರಾ?"

"ಹೂಂ."

"ನೋಡ್ಕೊಂಡು ಬರೀಬಹುದಾ?"

"ಕೈ ಅಡ್ಡ ಇಟ್ಕೊಂಡು ಬರೀತೀನಿ," ಎಂದು ನಗುತ್ತಾ ಹೊಸ ನೋಟುಬುಕ್ಕೊಂದನ್ನು ಅವನ ತೊಡೆಯ ಮೇಲಿಟ್ಟಳು.